ಬುತ್ತಿಯ ಸೀನು ಮತ್ತು ನನ್ನ ಮನವಿ

ತಕರಾರು ಮಾಡುವ ಹಕ್ಕು ಪ್ರೀತಿಯಿಂದ ಬರುತ್ತದೆ ಎಂದು ನಂಬಿದವನು ನಾನು. ಖಾನಾವಳಿಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳುವವನು ನಾಳೆಯೂ ಅಲ್ಲಿಗೇ ಬರುವ ಗಿರಾಕಿ. ಬರದವನು ಸುಮ್ಮನೆ ಕೈ ತೊಳೆದು ಹೋಗುತ್ತಾನೆ. ಈ ಸಿದ್ಧಾಂತವನ್ನು ಒಮ್ಮೆ ಹೆಂಡತಿಯ ಅಡುಗೆಯ ಮೇಲೆ ಪ್ರಯೋಗಿಸಿ ಎರಡು ದಿನ ಬರೀ ಮಜ್ಜಿಗೆ ಅನ್ನ ಉಂಡದ್ದುಂಟು. ಆದರೂ ಸಿದ್ಧಾಂತ ಬಿಟ್ಟಿಲ್ಲ.

ಈ ಸಲ ನನ್ನ ತಕರಾರು ಒಂದು ನಾಟಕ ಕಂಪನಿಯ ಮೇಲೆ. ಕುಷ್ಟಗಿಯಲ್ಲಿ ನಮ್ಮ ಕಚೇರಿ, ನಾನು ಅಲ್ಲಿಯ ಗುಮಾಸ್ತ. ವರ್ಷಕ್ಕೋ ಎರಡು ವರ್ಷಕ್ಕೋ ಈ ಕಂಪನಿ ಬಂದು ಬಯಲಿನಲ್ಲಿ ತಗಡಿನ ಥೇಟರು ಕಟ್ಟಿ ಎರಡು ಮೂರು ತಿಂಗಳು ಮೊಕ್ಕಾಂ ಮಾಡುತ್ತದೆ. ಇಲ್ಲಿಂದ ಎದ್ದರೆ ಗಂಗಾವತಿ, ಅಲ್ಲಿಂದ ಯಲಬುರ್ಗಾ. ಕಂಪನಿ ಎಂದರೆ ಒಂದೇ ಮನೆ. ಮಾಲೀಕ ಬಸಣ್ಣನವರು ಖಳನಾಯಕ, ಅವರ ಹೆಂಡತಿ ಗಂಗವ್ವ ತಾಯಿಯ ಪಾತ್ರ, ಮಗ ನಾಯಕ, ಸೊಸೆ ನಾಯಕಿ, ಅಳಿಯ ಹಾಸ್ಯ. ಮನೆಯಲ್ಲಿ ಜಗಳವಾದ ದಿನ ರಂಗದ ಮೇಲಿನ ಅತ್ತೆ-ಸೊಸೆ ಜಗಳಕ್ಕೆ ವಿಶೇಷ ಕಳೆ ಬರುತ್ತದೆಂದು ಬಲ್ಲವರು ಹೇಳುತ್ತಾರೆ. ‘ಸಂಸಾರ ಸಮೇತ ಬಂದು ನೋಡಿರಿ’ ಎಂದು ಆಟೋದಲ್ಲಿ ಕೂಗಿಸುತ್ತಾರಲ್ಲ, ಅದು ಸಂಸಾರ ಸಮೇತ ಆಡುವ ನಾಟಕವೂ ಹೌದು. ತಳಕಲ್ಲಿನಿಂದ ಮದುವೆಯಾಗಿ ಬಂದ ನನ್ನ ಹೆಂಡತಿ ಗಿರಿಜಾಳನ್ನು ನಾನು ಮೊದಲು ಕರೆದುಕೊಂಡು ಹೋದದ್ದು ಇವರ ‘ಬುತ್ತಿ ತಂದಾಕಿ’ ನಾಟಕಕ್ಕೆ. ಆಮೇಲೆ ಪ್ರತಿ ಮೊಕ್ಕಾಮಿನಲ್ಲೂ ಅದನ್ನು ಮೂರು ಸಲ ನೋಡುವುದು ನಮ್ಮ ಮನೆಯ ರೂಢಿ.

ಈ ವರ್ಷ ಹೋಗಿ ನೋಡಿದರೆ ಅದೇ ನಾಟಕದ ಹೆಸರು ‘ಬುಲೆಟ್ ಏರಿದ ಸೊಸಿ’. ಸೊಸೆ ನಿಜವಾಗಿಯೂ ಬುಲೆಟ್ ಏರಿ ಪ್ರೇಕ್ಷಕರ ನಡುವಿನಿಂದಲೇ ಬಂದಳು; ಅದರ ಹೊಗೆ ಇಳಿಯುವ ಮೊದಲೇ ರಂಗದ ಮೇಲೆ ಇನ್ನೊಂದು ಯಂತ್ರ ಬೇರೆ ಹೊಗೆ ಬಿಟ್ಟಿತು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಜಾಗದಲ್ಲಿ ಪೆನ್ ಡ್ರೈವ್ ಹಾಡುತ್ತಿತ್ತು. ಇದನ್ನೆಲ್ಲ ನಾನು ಹಲ್ಲು ಕಚ್ಚಿ ಸಹಿಸಿದೆ. ಆದರೆ ಬುತ್ತಿಯ ಸೀನನ್ನೇ ತೆಗೆದುಹಾಕಿದ್ದರು. ಹಳ್ಳಿಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದ ತಾಯಿಗೆ ಸಾಹೇಬನಾದ ಮಗ ಗೇಟು ತೆಗೆಸುವುದಿಲ್ಲ. ಆಕೆ ಬುತ್ತಿಯನ್ನು ಕಾವಲುಗಾರನ ಕೈಗಿತ್ತು, ‘ರೊಟ್ಟಿ ಆರೂದ್ರಾಗ ಉಣ್ಣಂತ ಹೇಳಪಾ’ ಎಂದು ತಿರುಗಿ ಹೋಗುತ್ತಾಳೆ. ಆ ಒಂದು ಸೀನಿಗಾಗಿಯೇ ನಾಟಕ ಇತ್ತು. ಅದರ ಬದಲು ಗಂಗವ್ವನಿಗೆ ತಂಪು ಕನ್ನಡಕ ಹಾಕಿಸಿ ಸೋಫಾದ ಮೇಲೆ ಕೂಡಿಸಿದ್ದರು. ಮಂಡಿ ನೋವಿನ ಆ ಹೆಂಗಸು ಎದ್ದು ಎರಡು ಹೆಜ್ಜೆ ಕುಣಿಯಬೇಕು. ಜನ ಸಿಳ್ಳೆ ಹಾಕಿದರು. ನನಗೆ ಮೈ ಉರಿದುಹೋಯಿತು.

ಮನೆಗೆ ಬಂದು ಇದನ್ನು ಸುಮ್ಮನೆ ಬಿಡುವುದಿಲ್ಲ ಎಂದೆ. “ಅವರ ಕಂಪನಿ, ಅವರ ನಾಟಕ. ನಿಮಗ್ಯಾಕ್ರಿ ಊರ ಉಸಾಬರಿ?” ಎಂದಳು ಗಿರಿಜಾ. ನಾನು ಬಿಳಿ ಹಾಳೆ ತೆಗೆದುಕೊಂಡೆ. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈಗೆ ಬೇರೆ ಬರವಣಿಗೆ ಬರುವುದಿಲ್ಲ. ‘ವಿಷಯ: ಬುತ್ತಿಯ ಸೀನನ್ನು ಮರುಸ್ಥಾಪಿಸುವ ಕುರಿತು. ಉಲ್ಲೇಖ: ಹಿಂದಿನ ಮೊಕ್ಕಾಮುಗಳ ಆಟಗಳು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ...’ ಎಂದು ಎರಡು ಪುಟ ಬರೆದು, ಕೊನೆಗೆ ‘ತುರ್ತು ಕ್ರಮಕ್ಕಾಗಿ’ ಎಂದು ಸೇರಿಸಿ, ಅಡಿಗೆರೆಯನ್ನೂ ಎಳೆದೆ.

ಭಾನುವಾರ ಬೆಳಿಗ್ಗೆ ಥೇಟರಿನ ಹಿಂದೆ ಹೋದೆ. ಬಸಣ್ಣನವರು ಲುಂಗಿ ಉಟ್ಟು ಕಿರೀಟಕ್ಕೆ ಬಂಗಾರದ ಬಣ್ಣ ಹಚ್ಚುತ್ತಿದ್ದರು. ಪಕ್ಕದಲ್ಲಿ ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಗಂಭೀರವಾಗಿ ಪತ್ರ ಕೊಟ್ಟೆ. ಮೊದಲ ಸಾಲು ಓದುತ್ತಲೇ ಬಸಣ್ಣನವರು ಎದ್ದು ನಿಂತು, “ಲೈಸನ್ಸ್ ಎಲ್ಲಾ ಸರಿ ಅದಾವ್ರಿ ಸರ, ಕರೆಂಟಿಂದೂ ತಗೊಂಡೀವ್ರಿ,” ಎನ್ನುತ್ತ ಟ್ರಂಕಿನಿಂದ ಕಾಗದದ ಕಟ್ಟು ತೆಗೆದರು. ಇದು ಸರ್ಕಾರದ ನೋಟಿಸಲ್ಲ, ಒಬ್ಬ ಅಭಿಮಾನಿಯ ಅಳಲು ಎಂದು ತಿಳಿಹೇಳಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು.

ಪೂರ್ತಿ ಓದಿದ ಮೇಲೆ ಅವರು ಕನ್ನಡಕ ತೆಗೆದರು. “ಸರ, ತಪ್ಪ ತಿಳ್ಕೋಬ್ಯಾಡ್ರಿ. ಆ ಸೀನ್ ಬಂತಂದ್ರ ಮಂದಿ ಎದ್ದು ಹೊರಗ ಹೋಗ್ತಾರ್ರಿ. ನಾ ಪರದೆ ಸಂದ್ಯಾಗಿಂದ ನೋಡತೀನಿ. ಮೊದಲ ಏಳವರು ಯಾರು ಗೊತ್ತೇನ್ರಿ?”

“ಯಾರ್ರಿ ಅಂಥಾ ರಸ ತಿಳೀಲಾರದವ?” ಎಂದೆ.

“ನೀವ ಅದೀರಿ. ಎರಡನೇ ಸಾಲು, ಮೂಲಿ ಕುರ್ಚಿ. ಆಫೀಸಿನ ಮಂದಿನ ಎದ್ರು ಅಂದಮ್ಯಾಲೆ ಸೀನ್ ಬ್ಯಾಸರ ಅಂತ ಹಿಂದಿನವರೂ ಏಳತಾರ್ರಿ. ಹೊರಗ ಮಿರ್ಚಿ ಬಜಿ ಅಂಗಡಿಯವ ನಿಮ್ಮನ್ನ ನೋಡೇ ಎಣ್ಣಿ ಕಾಸತಾನ. ಎಲ್ಲಾ ಊರಾಗೂ ನಿಮ್ಮಂಥವರು ಒಬ್ಬೊಬ್ಬರು ಅದಾರ್ರಿ.”

ಮಾತು ನಿಜವಾಗಿತ್ತು. ಆದರೆ ನಾನು ಮಿರ್ಚಿಗಾಗಿ ಏಳುತ್ತಿರಲಿಲ್ಲ. ಕಚೇರಿಯ ಜವಾನನಿಂದ ಹಿಡಿದು ಎಲ್ಲರೂ ಕುಳಿತಿರುವ ಕಡೆ ನಾನು ಅಳುವುದು ಹೇಗೆ? ಹೊರಗೆ ಹೋಗಿ, ತಗಡಿಗೆ ಕಿವಿಗೊಟ್ಟು ನಿಂತು, ಕೈಯಲ್ಲಿ ಮಿರ್ಚಿ ಹಿಡಿದು ಅಳುತ್ತಿದ್ದೆ. ಯಾರಾದರೂ ಕಂಡರೆ ಖಾರ ಎನ್ನಬಹುದಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ನಮ್ಮವ್ವ ಹನುಮಸಾಗರದಿಂದ ಬಸ್ಸು ಹಿಡಿದು ಕಚೇರಿಗೇ ಬುತ್ತಿ ತಂದಿದ್ದಳು. ತೇಪೆ ಹಾಕಿದ ಸೀರೆ, ಕಾಲ ತುಂಬ ಧೂಳು. ಯಾರಿವರು ಎಂದು ಸಾಹೇಬರು ಕೇಳಿದಾಗ ನಾನು ‘ನಮ್ಮೂರಿನವರು’ ಎಂದುಬಿಟ್ಟೆ. ಸುಳ್ಳಲ್ಲ, ನಮ್ಮೂರಿನವಳೇ. ಅವ್ವ ಅದನ್ನು ಕೇಳಿಸಿಕೊಂಡಳು. ಸಾಯುವವರೆಗೂ ಒಮ್ಮೆಯೂ ಆ ಮಾತು ತೆಗೆಯಲಿಲ್ಲ. ನನಗೆ ಇವತ್ತಿಗೂ ಅದರ ನಾಚಿಕೆ ಹೋಗಿಲ್ಲ.

ಇದಿಷ್ಟನ್ನೂ ಬಸಣ್ಣನವರಿಗೆ ಹೇಳಲಾಗಲಿಲ್ಲ. “ನಾ ಮಿರ್ಚಿ ತಿನ್ನಾಕ ಹೋಗ್ತಿದ್ದಿಲ್ರಿ, ಅಳಾಕ ಹೋಗ್ತಿದ್ದೆ,” ಎಂದೆ ಅಷ್ಟೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. “ಒಳಗ ಕುಂತು ಅಳಬೇಕಿತ್ತಲ್ರಿ ಸರ,” ಎಂದಳು ಗಂಗವ್ವ. “ಖಾಲಿ ಕುರ್ಚಿ ನೋಡಿ ನಾ ಎಷ್ಟಂತ ಮಾತಾಡ್ಲಿ?”

ಕೊನೆಗೆ ಬಸಣ್ಣನವರು ಒಂದು ಷರತ್ತು ಹಾಕಿದರು. “ಸೀನ್ ಇಡತೀನ್ರಿ. ಆದ್ರ, ಮೊಕ್ಕಾಂ ಮುಗಿಯೂ ಮಟಾ ನೀವು ದಿನಾ ಸಂಜಿ ಆಟಕ್ಕ ಬರಬೇಕು. ಸೀನ್ ಮುಗಿಯೂ ಮಟಾ ಏಳಬಾರದು.” ಆಗಲಿ ಎಂದೆ. ಹಿಡಿದ ಹಟ ಬಿಡುವವನಲ್ಲ ನಾನು.

ಮರುದಿನ ಬುತ್ತಿಯ ಸೀನು ಶುರುವಾಯಿತು. “ಇವತ್ತ ಹೊರಗ ಹೋಗೂದಿಲ್ಲೇನ್ರಿ?” ಎಂದಳು ಗಿರಿಜಾ. ಇಲ್ಲ ಎಂದು ಕುರ್ಚಿಯ ಕೈ ಹಿಡಿದು ಕೂತೆ. ಹಿಂದೆ ಯಾರೋ ಎದ್ದ ಸದ್ದಾಯಿತು. ತಿರುಗಿ, ಕಚೇರಿಯಲ್ಲಿ ಬಳಸುವ ದನಿಯಲ್ಲಿ “ಕುಂಡರ್ರಿ” ಎಂದೆ, ಕುಳಿತರು. ಗಂಗವ್ವ ಬುತ್ತಿಯನ್ನು ಕಾವಲುಗಾರನ ಕೈಗಿಟ್ಟಳು. ನಾನು ಅತ್ತೆ, ಸದ್ದು ಮಾಡಿ ಅತ್ತೆ. ಗಿರಿಜಾ ನನ್ನ ಕಡೆ ನೋಡದೆ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. ಸುತ್ತ ಮೂಗು ಒರೆಸುವ ಸದ್ದು ಕೇಳಿಬಂತು. ಜವಾನನೂ ಅಳುತ್ತಿದ್ದ. ಆ ದಿನ ನಾನು ಗೆದ್ದೆ ಎಂದುಕೊಂಡೆ.

ಹೀಗೆ ದಿನಾ ಹೋಗಿ ದಿನಾ ಅತ್ತೆ. ಜನರೂ ಕೂತು ನೋಡತೊಡಗಿದರು. ಹದಿನೈದನೆಯ ದಿನವೋ ಏನೋ, ಕಚೇರಿಯಲ್ಲಿ ತಪಾಸಣೆ ಇತ್ತು. ಒಂದು ಕಡತ ಸಿಕ್ಕಿರಲಿಲ್ಲ. ಅದನ್ನೇ ನೆನೆಯುತ್ತ ಕೂತಿದ್ದೆ, ಕಣ್ಣೀರು ಬರಲಿಲ್ಲ. ಗಂಗವ್ವ ಬುತ್ತಿ ಹಿಡಿದು ಎರಡನೇ ಸಾಲಿನತ್ತ ನೋಡಿದಳು, ಕಾದಳು, ಆಮೇಲೆ ಹೇಗೋ ಮಾತು ಮುಗಿಸಿದಳು. ಆಟ ಬಿಟ್ಟ ಮೇಲೆ ಬಣ್ಣದ ಮುಖದಲ್ಲೇ ಬಂದು ನಿಂತಳು. “ಇವತ್ತ ನಿಮಗ ಅಳು ಬರಲಿಲ್ಲಲ್ರಿ ಸರ. ನಂದೇನರ ತಪ್ಪಾತೇನ್ರಿ?”

“ನಿಂದೇನೂ ತಪ್ಪಿಲ್ಲವ್ವಾ, ಆಫೀಸಿಂದು...” ಎಂದು ತೊದಲಿದೆ.

ಹಿಂದಿನಿಂದ ಬಸಣ್ಣನವರು ಅಂಟಿಸಿದ ಮೀಸೆ ಕೀಳುತ್ತ ಹೇಳಿದರು: “ಇರಲಿ ಬಿಡ್ರಿ. ನಾಳೆ ಸ್ವಲ್ಪ ತಯಾರಾಗಿ ಬರ್ರಿ ಸರ.”

ಮರುದಿನ ಸಂಜೆ ಕಚೇರಿಯಿಂದ ಅರ್ಧ ತಾಸು ಮೊದಲೇ ಬಿಡಲು ಅನುಮತಿ ಕೇಳಿ ಚೀಟಿ ಬರೆದೆ. ಕಾರಣ ಎಂಬಲ್ಲಿ ‘ವೈಯಕ್ತಿಕ’ ಎಂದು ಹಾಕಿದೆ. ‘ತಾಲೀಮು’ ಎಂದು ಬರೆಯುವ ಧೈರ್ಯ ಬರಲಿಲ್ಲ.