ವಚನಕ್ಕೆ ಇಷ್ಟು ಡೋಲು ಯಾಕೆ?

೧೯೯೬ರ ಜೂನ್ ತಿಂಗಳಲ್ಲಿ ನಾನೊಂದು ಘನಘೋರ ನಿರ್ಧಾರಕ್ಕೆ ಬಂದೆ. ಮೂವತ್ತು ವರ್ಷಗಳ ರಾಕ್ ಮತ್ತು ಮೆಟಲ್ ಸಂಗೀತವನ್ನು ಒಂದೇ ಒಂದು ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ತುಂಬಿಯೇ ತೀರುವುದು! ಪುಣೆಯಲ್ಲಿ ಇಂಥ ಸಾಹಸ ಹಿಂದೆ ಯಾರೂ ಮಾಡಿರಬಾರದು, ಮುಂದೆ ಯಾರಿಗೂ ಧೈರ್ಯ ಬರಬಾರದು!

ಕಾರಣ ದೀಪಾಲಿ. ನಮ್ಮ ಆಫೀಸು ಬಾರಾಮತಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಬಿಡಿಭಾಗ ಕಳಿಸುತ್ತದೆ. ಆ ಆಫೀಸಿಗೆ ಹೊಸದಾಗಿ ಬಂದ ಟೈಪಿಸ್ಟ್ ಹುಡುಗಿ ಈಕೆ. ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡೇ ಊಟ ಮಾಡುವವಳು. ಯಾವ ಹಾಡು ಎಂದು ಕೇಳಿದ್ದಕ್ಕೆ, "ರಾಕ್! ಕಾಕಾ, ತುಮ್ಹಾಲಾ ಕಾಯ ಕಳಣಾರ?" ಎಂದು ನಕ್ಕಳು. ನಿಮಗೇನು ತಿಳಿಯುತ್ತೆ ಅಂದದ್ದನ್ನು ಸಹಿಸಬಹುದಿತ್ತು. ನಲವತ್ತೊಂದಕ್ಕೇ ಕಾಕಾ! ಮೈ ಉರಿದುಹೋಯಿತು.

ಗೆಳೆಯ ಲೋಕನಾಥನ ಮನೆಯಿಂದ ಒಂದು ಟ್ರಂಕು ಕ್ಯಾಸೆಟ್ಟು ಹೊತ್ತು ತಂದೆ. ಸಂಜೆಯಾದರೆ ಬಾಗಿಲು ಹಾಕಿಕೊಂಡು ಡಬಲ್ ಡೆಕ್ ಟೇಪ್ ರೆಕಾರ್ಡರ್ ಮುಂದೆ ಕೂತುಬಿಡುವುದು. ಅರವತ್ತರ ದಶಕದ ಉದ್ದ ಕೂದಲಿನವರು, ಎಪ್ಪತ್ತರ ಅರಚುವವರು, ಎಂಬತ್ತರ ಕಿರುಚುವವರು, ತೊಂಬತ್ತರ ಹೊಟ್ಟೆಯಿಂದ ಗುರುಗುಟ್ಟುವವರು, ಎಲ್ಲರನ್ನೂ ರೇಷನ್ ಅಂಗಡಿಯ ಸಾಲಿನಂತೆ ನಿಲ್ಲಿಸಿದೆ.

ಮೂರನೆಯ ದಿನ ಬಾಗಿಲು ದಡದಡ ಬಡಿಯಿತು. ಹೆಂಡತಿ ಪಂಕಜಾಕ್ಷಿ!

"ಏನ್ರೀ, ಒಳಗ ಯಾರನ್ನ ಬಡೀಲಿಕತ್ತೀರಿ?"

"ಯಾರನ್ನೂ ಇಲ್ಲ! ಕ್ಯಾಸೆಟ್ ತುಂಬ್ಲಿಕತ್ತೀನಿ."

"ಯಾರ ಸಲುವಾಗಿ?"

ಆಫೀಸಿನ ಹುಡುಗಿಗೆ ಎಂದು ಹೆಂಡತಿಗೆ ಹೇಳಿಯೂ ಸುಖವಾಗಿರುವವರು ಯಾರಾದರೂ ಇದ್ದರೆ ದಯವಿಟ್ಟು ವಿಳಾಸ ಕಳಿಸಿ!

"ನಮ್ಮ ಕನ್ನಡ ಮಂಡಳದ ಸಲುವಾಗಿ. ವಚನ!"

"ವಚನಕ್ಕ ಇಷ್ಟು ಡೋಲು ಯಾಕ?"

"ಹೊಸಾ ಧಾಟಿ."

"ಹೌದಾ?" ಎಂದಳು. ಆ 'ಹೌದಾ' ಬಾಗಿಲಿನಿಂದ ಅಡುಗೆಮನೆಯವರೆಗೂ ಉದ್ದವಾಗಿತ್ತು.

ಮರುದಿನದಿಂದ ಚಹಾದ ಜೊತೆ ಅವಲಕ್ಕಿ ಚೂಡಾ ಬರತೊಡಗಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಕೇಳದೆ ಚೂಡಾ ಬಂದದ್ದು ಅದೇ ಮೊದಲು. ನನಗೆ ಸಂಶಯ ಬರಬೇಕಿತ್ತು. ಬಂತು ಕೂಡ! ಆದರೆ ಚೂಡಾ ರುಚಿಯಾಗಿತ್ತು.

ಶನಿವಾರ ತರಕಾರಿ ಮಂಡಿಯಲ್ಲಿ ಮಂಡಳದ ಕಾರ್ಯದರ್ಶಿ ಬಿಂದುಮಾಧವ ಎದುರಾಗಿ ಕೈ ಹಿಡಿದುಕೊಂಡರು.

"ಸಿದ್ದಲಿಂಗಪ್ಪನವರ, ಭಾಳ ಚೊಲೋ ಕೆಲಸ ಮಾಡೀರಿ! ನಾಳಿ ಸಭಾದಾಗ ನಿಮ್ಮ ವಚನದ ಕ್ಯಾಸೆಟ್ ಹಚ್ಚೂದು. ನಿಮ್ಮ ಮನ್ಯಾಗಿನವರು ಎಲ್ಲಾ ಹೇಳ್ಯಾರ."

ಕೈಯಲ್ಲಿದ್ದ ಮೆಂತ್ಯೆ ಸಿವುಡು ಬಿದ್ದುಹೋಯಿತು. ಅಂಗಡಿಗೆ ಓಡಿ ನಿಜವಾದ ವಚನದ ಕ್ಯಾಸೆಟ್ಟು ಕೊಂಡು, ಅದಲುಬದಲು ಮಾಡಲು ಮನೆಗೆ ಹಾರಿದೆ. ಮೇಜಿನ ಮೇಲೆ ನನ್ನ ಕ್ಯಾಸೆಟ್ಟೇ ಇಲ್ಲ!

"ನನ್ನ ಹತ್ರ ಅದ," ಎಂದಳು ಪಂಕಜಾಕ್ಷಿ. "ನಾಳಿ ನಾನ ಹಚ್ತೀನಿ. ನಿಮಗ್ಯಾಕ ತ್ರಾಸ?" ಎನ್ನುತ್ತಲೇ ನನ್ನ ಕೈಯಲ್ಲಿದ್ದ ಹೊಸ ಕ್ಯಾಸೆಟ್ಟನ್ನೂ ಇಸಿದುಕೊಂಡಳು.

ಭಾನುವಾರ ನಲವತ್ತು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಹಿರಿಯರಾದ ಮಲಕಪ್ಪನವರು ಕಣ್ಣು ಮುಚ್ಚಿ, ಎದೆಯ ಮುಂದೆ ಕೈಮುಗಿದು ಕೂತಿದ್ದರು. ಪಂಕಜಾಕ್ಷಿ ಗುಂಡಿ ಒತ್ತಿದಳು. ಗಿಟಾರು ಸಿಡಿಯಿತು! ಮಲಕಪ್ಪನವರ ಎರಡೂ ಕೈ ಎದೆ ಬಿಟ್ಟು ನೇರ ಕಿವಿಗೆ ಹೋದವು.

"ಕ್ಯಾಸೆಟ್ ಬದಲಾಗ್ಯದ್ರಿ!" ಎಂದು ನಾನು ಕೂಗಿದೆ.

ಪಂಕಜಾಕ್ಷಿ ಟೇಪು ನಿಲ್ಲಿಸಿ ಹಿಂದಕ್ಕೆ ಸುತ್ತಿದಳು. "ಹೌದ್ರಿ, ಬದಲಾಗಿರಬೇಕು. ಹೋಗ್ಲಿ ಬಿಡ್ರಿ. ಎಂಟು ದಿನ ಬಾಗಲಾ ಹಾಕ್ಕೊಂಡು ಕೇಳೀರಿ, ಬಾಯಿಪಾಠ ಆಗಿರ್ತಾವ. ನೀವ ಹಾಡ್ರಿ!"

ಚಪ್ಪಾಳೆಯೋ ಚಪ್ಪಾಳೆ! ನನಗೆ ಬರುತ್ತಿದ್ದದ್ದು ಮೂರೇ ವಚನ. ಅವನ್ನೇ ಹಿಂದೆ ಮುಂದೆ ಮಾಡಿ ಮುಕ್ಕಾಲು ಗಂಟೆ ಹಾಡಿದೆ. ನಿಲ್ಲಿಸಿದಾಗಲೆಲ್ಲ ಮಲಕಪ್ಪನವರು "ಇನ್ನೊಂದ್ರಿ" ಎನ್ನುತ್ತಿದ್ದರು. ಕೊನೆಗೆ ನನ್ನ ಗಂಟಲು ತಾನಾಗಿಯೇ ತೊಂಬತ್ತರ ದಶಕದ ಮೆಟಲ್ಲಿಗೆ ಬಂದು ಮುಟ್ಟಿತ್ತು. ಪಂಕಜಾಕ್ಷಿ ಟೇಪ್ ರೆಕಾರ್ಡರಿನ ಪಕ್ಕ ಕೈಕಟ್ಟಿ ಕೂತು ಭಕ್ತಿಯಿಂದ ಕೇಳಿದಳು.

ಸೋಮವಾರ ಬೆಳಿಗ್ಗೆ ಡಬ್ಬಿಯ ಚೀಲದಲ್ಲಿ ಚಪಾತಿಯ ಜೊತೆ ಅದೇ ಕ್ಯಾಸೆಟ್ಟು!

"ಇದೇನಿದು?" ಎಂದೆ. ಧ್ವನಿ ಹೊರಡಲಿಲ್ಲ, ಗಾಳಿ ಮಾತ್ರ ಬಂತು.

"ನಿನ್ನೆ ನೀವು ಹಾಡಿದ್ದು. ಅದರ ಮ್ಯಾಲೆನ ತುಂಬೀನಿ. ಆ ದೀಪಾಲಿಗೆ ಕೊಡ್ರಿ."

"ದೀಪಾಲಿ... ನಿನಗ ಹೆಂಗ..."

"ಕ್ಯಾಸೆಟ್ ಡಬ್ಬಿ ಒಳಗಿನ ಚೀಟಿ ಮ್ಯಾಲೆ ಹೆಸರು ಬರದು, ಕೆಳಗ ಹೂವಿನ ಚಿತ್ರ ಬ್ಯಾರೆ ತಗದೀರಿ! ಯಾರಕಿ ಅಂತ ನಾ ಕೇಳಿದೆನೇನು?"

"ಹಂಗಲ್ಲ ಕೇಳಿಲ್ಲಿ, ಆಕಿ ನನಗ ಕಾಕಾ ಅಂತಾಳ!"

"ಅನ್ಲಿ ಬಿಡ್ರಿ," ಎಂದು ಚೀಲದ ಬಾಯಿ ಕಟ್ಟಿದಳು. "ಈಗ ಕ್ಯಾಸೆಟ್ಟಿನ ಒಂದ ಬಾಜೂ ತುಂಬೇದ. ಆಕಡಿ ಬಾಜೂದಾಗ ಆ ಒದರೂ ಮಂದಿ ಇನ್ನೂ ಹಂಗ ಉಳದಾರ. ಬಿಂದುಮಾಧವ ಅವರಿಗೆ ಹೇಳೀನಿ, ಬರೂ ಐತವಾರನೂ ನಿಮ್ಮದ ಹಾಡು!"