ಕಾರ್ಸೆಟ್ ಬಟ್ಟೆಯೂ ನಮ್ಮತ್ತೆಯ ಪರೀಕ್ಷೆಯೂ

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಸದ್ದಿನ ನಡುವೆ ಕಿವಿಗೆ ಬೀಳುವುದು ಅರ್ಧ ಮಾತು, ಉಳಿದರ್ಧ ನಾವೇ ಊಹಿಸಿಕೊಳ್ಳಬೇಕು. ಹಾಗಾಗಿ ನಮ್ಮಲ್ಲಿ ಇಂಥ ಎಡವಟ್ಟುಗಳು ನಡೆಯುತ್ತಲೇ ಇರುತ್ತವೆ. ನಡೆಯುವ ಹೊತ್ತಿಗೆ ಮಾತ್ರ ಯಾರಿಗೂ ನಗು ಬರುವುದಿಲ್ಲ.

೧. ಕೂತು ನೋಡಿದ್ದು

ಸೀರೆ ಆರ್ಡರ್ ನಿಂತು ನಮ್ಮ ಎರಡನೇ ಮಗ್ಗ ಸುಮ್ಮನಾಗಿತ್ತು. ಗುಜರಿಯವನು ಬಂದು ಅದನ್ನು ನೋಡಿಕೊಂಡೂ ಹೋಗಿದ್ದ. ಅವತ್ತು ನಮ್ಮ ಯಜಮಾನರು ಊಟ ಮಾಡಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಬಟ್ಟೆ ಏಜೆಂಟ್ ಫೋನ್ ಮಾಡಿದರು. ಫಾರಿನ್ನಿಗೆ ಕಾರ್ಸೆಟ್ ಬಟ್ಟೆ ಬೇಕು, ಹತ್ತಿ ನೂಲು, ಒತ್ತಾಗಿ ನೇಯಬೇಕು, ಸ್ಯಾಂಪಲ್ ಪಾಸಾದರೆ ವರ್ಷವಿಡೀ ಕೆಲಸ ಅಂದರು. ಇನ್ನೊಂದು ಮಗ್ಗದ ಸದ್ದಿನಲ್ಲಿ ಯಜಮಾನರಿಗೆ ಕೇಳಿಸಿದ್ದು ಕಾರ್ ಸೀಟ್.

ಗಟ್ಟಿ ಇದೆಯಾ ನೋಡುವ ಜವಾಬ್ದಾರಿ ಅತ್ತೆ ಹೊತ್ತುಕೊಂಡರು. ನೇಯ್ದ ಬಟ್ಟೆಯನ್ನು ಮಡಿಸಿ ಕುರ್ಚಿಗೆ ಹಾಕಿ, ಅದರ ಮೇಲೆ ಕೂತು ಅವರೆಕಾಯಿ ಬಿಡಿಸಿದರು. ಏಜೆಂಟ್ ಬಂದಾಗಲೂ ಏಳಲಿಲ್ಲ. ಇದು ಕೂರೋ ಬಟ್ಟೆಯಲ್ಲ, ಅಲ್ಲಿನ ಹೆಂಗಸರು ಸೊಂಟಕ್ಕೆ ಬಿಗಿದುಕೊಳ್ಳೋದು ಎಂದು ಏಜೆಂಟ್ ಬಿಡಿಸಿ ಹೇಳಿದರು.

ಅತ್ತೆ ಸ್ವಲ್ಪ ಯೋಚಿಸಿ, "ಯಾಕಪ್ಪಾ, ಅವರ ಕಾರಲ್ಲಿ ಬೆಲ್ಟ್ ಇಲ್ವಾ?" ಎಂದರು.

೨. ಮಗುವಿನ ವಿಚಾರ

ಕಾರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತಿಳಿದ ಮೇಲೆ ಅತ್ತೆಗೆ ಬೇರೆ ದಾರಿ ಸಿಕ್ಕಿತು. ನಮ್ಮ ಬೀದಿಯ ಬಾಣಂತಿಯರಿಗೆಲ್ಲ ಹಳೇ ಸೀರೆಯಲ್ಲಿ ಹೊಟ್ಟೆ ಕಟ್ಟಿದ ಕೈ ಅವರದು. ಆ ಹೆಂಗಸರಿಗೆ ಆಗಿರೋದು ಗಂಡೋ ಹೆಣ್ಣೋ ಎಂದು ವಿಚಾರಿಸಿದರು. ಮಗು ಗಿಗು ಏನಿಲ್ಲ, ಬರೀ ಅಂದಕ್ಕೆ ಕಟ್ಟಿಕೊಳ್ಳೋದು ಎಂದರು ಏಜೆಂಟ್.

ಅತ್ತೆಯ ಮುಖ ಸಪ್ಪಗಾಯಿತು. "ಪಾಪ. ಆಗುತ್ತೆ ಬಿಡು, ದೇವ್ರಿದಾನೆ."

೩. ಪಾಸು

ಕಾರ್ಸೆಟ್ ಬಟ್ಟೆ ಎಷ್ಟು ಬಿಗಿದರೂ ಹಿಗ್ಗಬಾರದಂತೆ. ಏಜೆಂಟ್ ಎರಡು ಅಂಚು ಹಿಡಿದು ಜಗ್ಗಿ, ಹಿಗ್ಗುತ್ತೇನೋ ಎಂದು ರಾಗ ಎಳೆದರು. ಯಜಮಾನರು ನಿಂತ ಮಗ್ಗದ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. ಅತ್ತೆಗೆ ಬಂದದ್ದು ಸಿಟ್ಟು.

"ಕೈಯಲ್ಲಿ ಜಗ್ಗಿದ್ರೆ ಏನ್ ಗೊತ್ತಾಗುತ್ತೆ? ತೋಳೆತ್ತಪ್ಪಾ" ಎಂದವರೇ ಬಟ್ಟೆಯನ್ನು ಏಜೆಂಟರ ಹೊಟ್ಟೆಗೆ ಸುತ್ತಿ, ಗೋಡೆಗೆ ಕಾಲು ಕೊಟ್ಟು ಬಿಗಿದರು. ಅವರದು ಧಾರಾಳವಾದ ಹೊಟ್ಟೆ. ಅದು ಒಳಕ್ಕೆ ಹೋಯಿತು, ಬಟ್ಟೆ ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಪಾಸಾ ಎಂದು ಯಜಮಾನರು ಮೆಲ್ಲಗೆ ಕೇಳಿದರು. ಉಸಿರು ಸಾಲದೆ ಏಜೆಂಟ್ ಹೌದೆಂದು ಜೋರಾಗಿ ತಲೆಯಾಡಿಸಿದರು. ಮಗ್ಗ ಉಳಿಯಿತು. ನಾನು ಅತ್ತುಬಿಟ್ಟೆ.

ಅತ್ತೆ ಗಂಟು ಬಿಗಿ ಮಾಡಿ, ಏಜೆಂಟರ ಬೆನ್ನು ಸವರಿ, ಹೊಟ್ಟೆ ಕಟ್ಟಿದ ಮೇಲೆ ಎಲ್ಲರಿಗೂ ಹೇಳುವ ಹಾಗೆಯೇ ಅವರಿಗೂ ಹೇಳಿದರು:

"ತಣ್ಣೀರು ಮುಟ್ಬೇಡಪ್ಪಾ. ಮೊಸರು ತಿನ್ಬೇಡ. ಹೊರಗೆ ಹೋಗೋವಾಗ ಕಿವಿಗೆ ಹತ್ತಿ ಇಟ್ಕೋ."