ತವರದ ಅಚ್ಚಿನ ನವಿಲು

"ಈ ಸಲ ಸರಸ್ವತಿ ಪೂಜೆಗೆ ಅಂಗಡಿಯ ಐಸ್‌ಕ್ರೀಮು ಈ ಮನೆಯ ಹೊಸಿಲು ದಾಟಕೂಡದು!" ಎಂದು ರಘುರಾಮ ಘೋಷಿಸಿದಾಗ, ಅವನ ಹೆಂಡತಿ ಸೌದಾಮಿನಿ ಗ್ಯಾರೇಜಿನ ಬಾಗಿಲು ತೆರೆದು ತೋರಿಸಿದಳು.

ಮಿಲ್ಪಿಟಾಸಿನ ಆ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇತ್ತು! ೧೯೯೯ನೇ ಇಸವಿ. ಊರಿಗೆ ಊರೇ ಡಾಟ್‌ಕಾಂ ಕಂಪನಿ ಕಟ್ಟುತ್ತಿದ್ದರೆ ರಘುರಾಮ ಕಂಪ್ಯೂಟರಿನ ಮುಂದೆ ಕೂತು ಇಂಟರ್ನೆಟ್ಟಿನ ಹರಾಜಿನಲ್ಲಿ ಹಳೇ ಸಾಮಾನು ಕೂಗಿ ಕೊಳ್ಳುತ್ತಿದ್ದ. ನಡೆಯದ ಗಡಿಯಾರ, ಹಡಗಿನ ಲಾಟೀನು, ಮೂರೇ ಕಾಲಿನ ಕುರ್ಚಿ. ಈಗ ವಿಕ್ಟೋರಿಯಾ ರಾಣಿಯ ಕಾಲದ ಐಸ್‌ಕ್ರೀಮಿನ ಅಚ್ಚು!

"ತವರದ್ದು ಮಾರಾಯ್ತಿ! ಎರಡು ಹೋಳು, ನಡುವೆ ಕೀಲು. ಹಾಲು ತುಂಬಿಸಿ ಉಪ್ಪು ಬೆರೆಸಿದ ಐಸಲ್ಲಿ ಹೂತಿಟ್ರೆ ನವಿಲೇ ಎದ್ದು ಬರ್ತದೆ. ಸರಸ್ವತಿ ಪಕ್ಕದಲ್ಲಿ ನವಿಲು! ಹೇಗುಂಟು?"

"ನವಿಲು ಅಂತ ಮಾರಿದವರು ಬರೆದಿದ್ದಾರಾ?"

"ಹಕ್ಕಿ ಅಂತ ಬರೆದಿದ್ದಾರೆ. ಬಾಲ ಬಿಚ್ಚಿ ನಿಂತ ಹಕ್ಕಿ ನವಿಲಲ್ಲದೆ ಕಾಗೆಯಾ?"

"ಕೊರಳಲ್ಲಿ ಎಂತದೋ ಜೋತಾಡ್ತಾ ಉಂಟಲ್ಲ?"

"ರಾಣಿ ಸಾಕಿದ ನವಿಲು. ಹಾರ ಹಾಕಿದ್ದಾರೆ!"

"ಆಯ್ತು. ಇದು ಕೆಟ್ರೆ ಹರಾಜಿನ ಪಾಸ್‌ವರ್ಡು ನನ್ನ ಕೈಗೆ."

"ಕೊಟ್ಟೆ ಹೋಗು!"

ಪೂಜೆಯ ದಿನ ರಘುರಾಮ ಒಂದು ಗ್ಯಾಲನ್ ಹಾಲನ್ನು ಅರ್ಧಕ್ಕೆ ಬತ್ತಿಸಿದ. ಸಕ್ಕರೆ, ಕೇಸರಿ, ಪಿಸ್ತಾ ಸುರಿದ. ಅಚ್ಚಿನ ಕೀಲು ಬಿಗಿದು ಬಕೆಟ್ಟಿನ ಐಸಿನಲ್ಲಿ ಹೂತು, ನಿಧಿ ಕಾಯುವ ಸರ್ಪದಂತೆ ಐದು ಗಂಟೆ ಕಾವಲು ಕೂತ. ಮಂಗಳಾರತಿ ಮುಗಿದು ಇಪ್ಪತ್ತು ಮಂದಿ ಊಟಕ್ಕೆ ಕೂತಾಗ ಬಿಸಿ ಟವೆಲು ಸುತ್ತಿ, ಉಸಿರು ಹಿಡಿದು ಅಚ್ಚು ಬಿಡಿಸಿದ.

ಆಹಾ! ಒಂದು ಗರಿಯೂ ಮುಕ್ಕಾಗಿರಲಿಲ್ಲ! ಬೆಳ್ಳಿ ತಟ್ಟೆಯಲ್ಲಿ ಕೇಸರಿ ಬಣ್ಣದ ಹಕ್ಕಿ ಎದೆಯುಬ್ಬಿಸಿ ನಿಂತಿತ್ತು. ಅದರ ಹಿಂದೆ ಅದಕ್ಕಿಂತಲೂ ಎದೆಯುಬ್ಬಿಸಿ ರಘುರಾಮ. ಉಡುಪಿಯಿಂದ ಬಂದಿದ್ದ ಸೌದಾಮಿನಿಯ ತಾಯಿ ಸತ್ಯವತಿಯಮ್ಮ ಕೈಮುಗಿದೇಬಿಟ್ಟರು. "ಭಾರೀ ಚಂದ ಅಳಿಯಂದಿರೇ! ಸಾಕ್ಷಾತ್ ನವಿಲು!"

ಆಗ ಎರಡನೇ ತರಗತಿಯ ಮಗಳು ಶ್ರೇಯಾ ಕುಣಿದಾಡಿದಳು. "ಟರ್ಕಿ! ಅಪ್ಪಾ, ಇಟ್ಸ್ ಎ ಟರ್ಕಿ! ಸ್ಕೂಲಲ್ಲಿ ಡ್ರಾ ಮಾಡಿದ್ದೀವಿ!"

"ಟರ್ಕಿ ಅಂದ್ರೆ ಎಂತ ಮಗಾ?" ಎಂದರು ಸತ್ಯವತಿಯಮ್ಮ.

"ದೊಡ್ಡ ಕೋಳಿ ಅಜ್ಜಿ, ಕೊರಳಲ್ಲಿ ಚರ್ಮ ಜೋತಾಡುತ್ತೆ! ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ರೋಸ್ಟ್ ಮಾಡಿ ತಿಂತಾರೆ!"

ಇಪ್ಪತ್ತು ಕೈಗಳು ಎಲೆಯ ಮೇಲೆ ನಿಂತಲ್ಲೇ ನಿಂತವು. ಸತ್ಯವತಿಯಮ್ಮ ಮುಗಿದ ಕೈಯನ್ನು ಮೆಲ್ಲಗೆ ಬಿಚ್ಚಿ ಸೆರಗಿಗೆ ಒರೆಸಿಕೊಂಡರು.

"ಬರೀ ಹಾಲು ಅತ್ತೇ! ಒಳಗೆ ಪಿಸ್ತಾ!" ರಘುರಾಮ ಅಂಗಲಾಚಿದ.

"ಹೊರಗೆ ಕೋಳಿ ಅಲ್ವಾ!"

ಸೌದಾಮಿನಿ ತಟ್ಟೆಯನ್ನು ಅಡುಗೆಮನೆಗೆ ಒಯ್ದಳು. ಸೌಟಿನ ನಾಲ್ಕು ಏಟು ಕೇಳಿಸಿದವು. ಐದು ನಿಮಿಷದಲ್ಲಿ ಸ್ಟೀಲ್ ಲೋಟಗಳು ಬಂದವು.

"ತಣ್ಣನೆ ಪಾಯಸ, ಅಮ್ಮ."

ಸತ್ಯವತಿಯಮ್ಮ ಮೂರು ಲೋಟ ಕುಡಿದರು. "ಇದು ನೋಡಿ, ನನ್ನ ಮಗಳ ಕೈರುಚಿ!"

ಆಡಿದ ಮಾತಿನಂತೆ ರಘುರಾಮ ಪಾಸ್‌ವರ್ಡು ಒಪ್ಪಿಸಿದ. ಮರುದಿನ ಹರಾಜಿನ ಪುಟದಲ್ಲಿ ಸೌದಾಮಿನಿಯ ಜಾಹೀರಾತು ಇತ್ತು: "ವಿಕ್ಟೋರಿಯಾ ಕಾಲದ ಟರ್ಕಿ ಕೋಳಿ ಅಚ್ಚು. ಅದನ್ನು ನವಿಲೆಂದು ಸಾಧಿಸುವ ಗಂಡ ಜೊತೆಯಲ್ಲಿ ಉಚಿತ."

ಮೂರೇ ದಿನಕ್ಕೆ ಹನ್ನೊಂದು ಮಂದಿ ಬೆಲೆ ಕೂಗಿದರು. ಹನ್ನೊಂದು ಮಂದಿಯೂ ಒಂದೇ ಷರತ್ತು ಹಾಕಿದ್ದರು: "ಅಚ್ಚು ಮಾತ್ರ ಕಳಿಸಿ!"